ಐದು ಜನರ ಅಡಿಗೆ

೧೯೮೬ರಲ್ಲಿ ನಾನು ಶಾಲೆ ಬಿಟ್ಟೆ. ಏಳನೇ ಕ್ಲಾಸಿನ ಪರೀಕ್ಷೆ ಬರೆದಿದ್ದೆ. ಪಾಸೋ ಫೇಲೋ ಇವತ್ತಿಗೂ ಗೊತ್ತಿಲ್ಲ. ಫಲಿತಾಂಶ ಬರುವ ಮೊದಲೇ ಉಡುಪಿಯಿಂದ ಮುಂಬಯಿ ಬಸ್ಸು ಹತ್ತಿದ್ದೆ. ಮಾಟುಂಗದ ಒಂದು ಹೋಟೆಲಿನಲ್ಲಿ ಕಪ್ಪು ಬಸಿ ತೊಳೆಯುವ ಕೆಲಸ. ರಾತ್ರಿ ಶಾಲೆಗೂ ಸೇರಿಸಿದ್ದರು. ಬೆಂಚಿನ ಮೇಲೆ ಕೂತ ಕೂಡಲೇ ನಿದ್ದೆ. ಮಾಸ್ತರರು ಒಳ್ಳೆಯವರು, ಎಬ್ಬಿಸುತ್ತಿರಲಿಲ್ಲ. ಮಲಗುವುದಕ್ಕೆ ಶಾಲೆ ಯಾಕೆ, ಹೋಟೆಲಿನ ಅಟ್ಟ ಇದೆಯಲ್ಲ ಎಂದು ಅದನ್ನೂ ಬಿಟ್ಟೆ. ನಾಚಿಕೆಯಿಂದ ಹೇಳುತ್ತಿಲ್ಲ, ಮರುಕ ಪಡಿ ಎಂದೂ ಕೇಳುತ್ತಿಲ್ಲ. ಕಪ್ಪಿನಿಂದ ಟೇಬಲಿಗೆ, ಟೇಬಲಿನಿಂದ ಅಡಿಗೆಮನೆಗೆ, ಅಡಿಗೆಮನೆಯಿಂದ ಗಲ್ಲಾಕ್ಕೆ ನಾನು ನಡೆದುಕೊಂಡೇ ಬಂದವನು. ಯಾರೂ ಎತ್ತಿಕೊಂಡು ಬಂದು ಕೂರಿಸಿದ್ದಲ್ಲ.

ಎಲ್ಲ ನಿಂತುಹೋದ ಆ ವರ್ಷ ನಾನು ಮುಲುಂಡಿನಲ್ಲಿ, ಸ್ಟೇಷನ್ನಿನಿಂದ ಸ್ವಲ್ಪ ದೂರ, ಹಳೆಯ ಬಿಲ್ಡಿಂಗಿನ ಕೆಳಗೆ ಏಳು ಟೇಬಲಿನ ಹೋಟೆಲು ನಡೆಸುತ್ತಿದ್ದೆ. ಜಾಗ ನನ್ನದಲ್ಲ. ಅಂಧೇರಿಯಲ್ಲಿರುವ ಧಣಿಯದ್ದು. ಅವರೂ ಊರಿನವರೇ, ನನ್ನ ಹಾಗೆಯೇ ಕಪ್ಪು ತೊಳೆದು ಮೇಲೆ ಬಂದವರು. ಹೋಟೆಲನ್ನು ನನ್ನ ಕೈಗೆ ಕೊಡುವ ದಿನ ಅವರು ಕಾಗದಕ್ಕೆ ಸಹಿ ಹಾಕಿ, ಆಮೇಲೆ ಕಾಗದವನ್ನು ಪಕ್ಕಕ್ಕೆ ಸರಿಸಿ ಒಂದು ಮಾತು ಹೇಳಿದ್ದರು. "ಕಾಗದ ಬಿಡು ಮಾರಾಯ. ಒಲೆ ಮಾತ್ರ ಆರಿಸ್ಬೇಡ. ಉರಿಯುವ ಒಲೆಯ ಎದುರಿನಿಂದ ಒಬ್ಬನನ್ನು ಎಬ್ಬಿಸುವ ಪಾಪ ನಮ್ಮವರು ಯಾರೂ ಮಾಡುವುದಿಲ್ಲ." ನಮ್ಮ ಹೋಟೆಲಿನವರಲ್ಲಿ ಇದು ಹಳೆಯ ನಡವಳಿಕೆ. ಒಲೆ ಹೊತ್ತಿದ್ದರೆ ಅದು ಹೋಟೆಲು. ಬೀಗ ಬಿದ್ದರೆ ಬರೀ ಖಾಲಿ ಜಾಗ, ಯಾರಿಗೂ ಕೊಡಬಹುದು.

ಆ ಮಾರ್ಚಿನಲ್ಲಿ ಮೊದಲು ಒಂದು ಭಾನುವಾರ ಮಾತ್ರ ಬಂದ್ ಎಂದರು. ನಮ್ಮ ಕಸುಬಿನಲ್ಲಿ ಒಂದು ಲೆಕ್ಕ ಉಂಟು: ಬಂದ್ ಆದ ಮರುದಿನ ವ್ಯಾಪಾರ ದುಪ್ಪಟ್ಟು. ಒಂದು ದಿನ ಮನೆಯಲ್ಲೇ ಕೂತವರು ಬೆಳಗಾದ ಕೂಡಲೇ ದೋಸೆಗೆ ಓಡಿ ಬರುತ್ತಾರೆ. ಎಷ್ಟು ಬಂದ್ ನೋಡಿಲ್ಲ ನಾನು, ಒಮ್ಮೆಯೂ ಈ ಲೆಕ್ಕ ತಪ್ಪಿರಲಿಲ್ಲ. ಹಾಗಾಗಿ ಭಾನುವಾರ ಬೆಳಿಗ್ಗೆಯೇ ಅಕ್ಕಿ ಉದ್ದು ಎರಡರಷ್ಟು ನೆನೆಹಾಕಿಸಿದೆ. ಸಂಜೆ ಬೀದಿಯ ತುಂಬ ಜನ ತಟ್ಟೆ ಬಡಿಯುತ್ತಿದ್ದರು, ಒಳಗೆ ನಮ್ಮ ಗ್ರೈಂಡರು ತಿರುಗುತ್ತಿತ್ತು. ಸೋಮವಾರ ಶಟರ್ ಎತ್ತಿದರೆ ಬೀದಿಯಲ್ಲಿ ನಾಯಿ ಬಿಟ್ಟು ಯಾರೂ ಇಲ್ಲ. ಲೋಕಲ್ ರೈಲು ನಿಂತಿತ್ತು. ಲೋಕಲ್ ನಿಂತದ್ದನ್ನು ನಾನು ಮಹಾಮಳೆಯಲ್ಲಿ ನೋಡಿದ್ದೆ, ಬಾಂಬು ಸಿಡಿದಾಗ ನೋಡಿದ್ದೆ. ಮರುದಿನ ಮತ್ತೆ ಹೊರಡುತ್ತಿತ್ತು. ಈ ಸಲ ಯಾವಾಗ ಹೊರಡುತ್ತದೆಂದು ಹೇಳುವವರೇ ಇರಲಿಲ್ಲ. ಹಿಟ್ಟಿಗೆ ಅದೆಲ್ಲ ಗೊತ್ತಾಗುತ್ತದೆಯೇ? ಅದು ಉಕ್ಕಿತು. ಪಾತ್ರೆ ದಾಟಿ ನೆಲಕ್ಕೆ ಇಳಿಯಿತು.

ದೋಸೆ ಹೊಯ್ಯುವವನು ಪಾತ್ರೆಯ ಎದುರು ಸೊಂಟಕ್ಕೆ ಕೈಯಿಟ್ಟು ನಿಂತಿದ್ದ. ನನಗಿಂತ ದೊಡ್ಡ ಪ್ರಾಯ, ಊರಿನ ಕಡೆಯವನೇ, ಮದುವೆಯಾಗದವನು. ಹೋಟೆಲೇ ಅವನ ಮನೆ.

"ಈಗ ಎಂತ ಮಾಡುವುದು ಅಣ್ಣ?" ಎಂದ. ಪ್ರಾಯದಲ್ಲಿ ಹಿರಿಯನಾದರೂ ಗಲ್ಲಾದಲ್ಲಿ ಕೂತವನನ್ನು ಅಣ್ಣ ಎನ್ನುವುದು ಹೋಟೆಲಿನ ಕ್ರಮ.

"ಎಂತ ಮಾಡುವುದು ಅಂದ್ರೆ? ಬೇಯಿಸುವುದು."

ದಿನವಿಡೀ ಇಡ್ಲಿ ಬೇಯಿಸಿದೆವು. ಬಿಲ್ಡಿಂಗಿನ ಪ್ರತಿ ಬಾಗಿಲಿಗೆ ಕೊಟ್ಟೆವು. ಸ್ಟೇಷನ್ನಿನ ಹೊರಗೆ ಸಿಕ್ಕಿಬಿದ್ದ ರಿಕ್ಷಾದವರಿಗೆ, ಮೂಟೆ ಹೊರುವವರಿಗೆ ಕೊಟ್ಟೆವು. ಮೂರನೇ ಮಹಡಿಯ ಗುಜರಾತಿ ಮುದುಕಿ, ನಾವೆಲ್ಲ 'ಬಾ' ಎಂದು, ಅವರ ಭಾಷೆಯಲ್ಲಿ ಅಮ್ಮ ಎಂದು, ಕರೆಯುವವರು, ಬಾಗಿಲು ಸ್ವಲ್ಪವೇ ತೆರೆದು, ಡಬ್ಬಿ ಮಾತ್ರ ಹೊರಗೆ ಚಾಚಿ ತೆಗೆದುಕೊಂಡರು. ನಮ್ಮ ತಪ್ಪು ಲೆಕ್ಕದಿಂದ ಅಂದು ಆ ಬೀದಿಯಲ್ಲಿ ಯಾರೂ ಹಸಿದು ಮಲಗಲಿಲ್ಲ. ಅದನ್ನು ನಾನು ದಾನ ಎಂದು ಎಲ್ಲೂ ಹೇಳಿಕೊಂಡಿಲ್ಲ. ಹಿಟ್ಟು ಹುಳಿಯಾಗುತ್ತಿತ್ತು, ಅಷ್ಟೆ.

ಕೆಲಸದವರಲ್ಲಿ ಹೆಚ್ಚಿನವರು ಅಷ್ಟರಲ್ಲಿ ಸಿಕ್ಕಿದ ಗಾಡಿ ಹತ್ತಿ ಊರಿಗೆ ಹೋಗಿಯಾಗಿತ್ತು. ಉಳಿದದ್ದು ದೋಸೆಯವ, ಮತ್ತೆ ಪಾತ್ರೆ ತೊಳೆಯುವ ವಿಜಯಪುರದ ಕಡೆಯ ಆಳು. "ನೀನೂ ಹೊರಡುವುದಾದರೆ ಈಗಲೇ ಹೊರಡು" ಎಂದೆ. "ನಾ ಎಲ್ಲಿಗ್ ಹೋಗ್ಲಿ ಅಣ್ಣಾರ? ನಡಕೋತ ಹೊಂಟ್ರ ಊರು ಮುಟ್ಟೂದ್ರಾಗ ನನ್ನ ಹೆಸರ ನನಗ ಮರತಿರ್ತದ" ಎಂದು ನಕ್ಕ. ಅವನು ನಕ್ಕದ್ದನ್ನು ಆಮೇಲೆ ನೆನೆಸಿಕೊಂಡೆ, ಹೆದ್ದಾರಿಯಲ್ಲಿ ಮಕ್ಕಳನ್ನು ಹೆಗಲಿಗೇರಿಸಿಕೊಂಡು ನಡೆಯುವವರನ್ನು ಟೀವಿಯಲ್ಲಿ ನೋಡಿದಾಗ.

ನಮ್ಮ ಬಿಡಾರ ಗುಡ್ಡದ ಬುಡದ ಒಂದು ಚಾಳಿನಲ್ಲಿ. ಒಂದು ಕೋಣೆ, ಸಾಲಿಗೆಲ್ಲ ಸೇರಿ ಒಂದೇ ಸಂಡಾಸು. ಪಕ್ಕದ ಸಾಲಿನಲ್ಲಿ ಒಬ್ಬನಿಗೆ ಜ್ವರ ಬಂದು ಕರೆದೊಯ್ದ ದಿನ ಹೆಂಡತಿ ಫೋನು ಮಾಡಿದಳು. "ಇಲ್ಲಿ ನಾಳೆ ಬಿದಿರು ಕಟ್ಟಿ ದಾರಿ ಮುಚ್ಚುತ್ತಾರಂತೆ. ಒಳಗಿದ್ದವರು ಒಳಗೆ, ಹೊರಗಿದ್ದವರು ಹೊರಗೆ. ನೀವು ಎಲ್ಲಿರ್ತೀರಿ?"

ನಾನು ಯೋಚನೆ ಮಾಡಲಿಲ್ಲ. "ನೀನೂ ಮಗಳೂ ಇಲ್ಲಿಗೆ ಬನ್ನಿ. ಇಲ್ಲಿ ನಮ್ಮದೇ ಸಂಡಾಸುಂಟು, ಮೇಲೆ ಟಾಂಕಿಯಲ್ಲಿ ನೀರುಂಟು, ಉಗ್ರಾಣ ತುಂಬ ಸಾಮಾನುಂಟು. ಅರಮನೆಯಲ್ಲಿ ಸಹ ಇಷ್ಟು ಇರ್ಲಿಕ್ಕಿಲ್ಲ."

ಹೆಂಡತಿ ಮತ್ತು ಕಾಲೇಜಿಗೆ ಹೋಗುವ ಮಗಳು ಎರಡು ಚೀಲ ಹಿಡಿದು ನಡೆದು ಬಂದರು. ಮದುವೆಯಾಗಿ ಇಪ್ಪತ್ತು ವರ್ಷ ದಾಟಿದರೂ ಅವಳು ಹೋಟೆಲಿನ ಅಡಿಗೆಮನೆ ನೋಡಿರಲಿಲ್ಲ. ಹೆಂಗಸರು ಒಳಗೆ ಬರುವ ಕ್ರಮ ನಮ್ಮಲ್ಲಿ ಇರಲಿಲ್ಲ. ಯಾವಾಗಲಾದರೂ ದೇವಸ್ಥಾನಕ್ಕೆ ಹೋಗುವಾಗ ಮುಂದಿನ ಟೇಬಲಿನಲ್ಲಿ ಕೂತು ಕಾಫಿ ಕುಡಿದು ಹೋಗುವಳು, ಗಿರಾಕಿಯ ಹಾಗೆ. ಈಗ ಒಳಗೆ ಬಂದವಳು ಗೋಡೆಗೆ ತೂಗುಹಾಕಿದ ಸೌಟನ್ನು ನೋಡಿದಳು. "ಇದು ಸೌಟಾ, ದೋಣಿಯ ಹುಟ್ಟಾ?" ಎಂದಳು.

ಮೊದಲ ಕೆಲವು ವಾರ ನಾವು ರಾಜರ ಹಾಗೆ ಇದ್ದೆವು. ಮಗಳು ಫೋನಿನಲ್ಲಿ ಯಾರೋ ವಿದೇಶದವನ ವೀಡಿಯೋ ತೋರಿಸಿದಳು. ಲೋಕ ಮುಳುಗಿದರೂ ತಾನೊಬ್ಬ ಬದುಕಬೇಕೆಂದು ಭೂಮಿಯ ಒಳಗೆ ಕೋಣೆ ಕಟ್ಟಿ, ಡಬ್ಬಿಯ ಊಟ ಪೇರಿಸಿ, ಕಬ್ಬಿಣದ ಬಾಗಿಲು ಹಾಕಿಕೊಂಡು ಕೂತಿದ್ದಾನೆ.

"ಪಪ್ಪಾ, ನಮ್ಮದೂ ಹಾಗೇ ಅಲ್ವಾ? ಸೇಮ್ ಟು ಸೇಮ್. ಡಬ್ಬಾ ನಹೀ, ಬೋರಾ ಹೈ. ಡಬ್ಬಿಯ ಬದಲು ಮೂಟೆ, ಅಷ್ಟೆ."

"ಅವನಿಗೆ ಇಡ್ಲಿ ಯಾರು ಬೇಯಿಸ್ತಾರೆ?" ಎಂದೆ. ಬಹಳ ಜಂಬ ಇತ್ತು ನನಗೆ.

ಆಗ ಧಣಿಯ ಫೋನು ಬಂತು. ಕೆಮ್ಮು ಇದೆಯಾ, ಜ್ವರ ಇದೆಯಾ ಎಂದೆಲ್ಲ ಕೇಳಿದರು. ಆಮೇಲೆ ವಿಷಯಕ್ಕೆ ಬಂದರು. "ಊರಿಗೆ ಬಸ್ಸು ಮಾಡ್ತಾ ಇದ್ದಾರೆ. ನಿನ್ನ ಹೆಸರು, ಹೆಂಡತಿ ಮಗಳ ಹೆಸರು ಕೊಡ್ತೇನೆ. ಹೋಟೆಲಿಗೆ ಬೀಗ ಹಾಕಿ ಕೀಲಿಕೈ ಬಿಲ್ಡಿಂಗಿನ ವಾಚ್‌ಮನ್ ಹತ್ರ ಕೊಟ್ಟು ಹೋಗು."

"ತಿರುಗಿ ಬಂದಾಗ?"

"ಬಂದಾಗ ನೋಡುವಾ. ಕಾಗದದ ಅವಧಿ ಹೇಗೂ ಮೇ ತಿಂಗಳಿಗೆ ಮುಗೀತದೆ. ಔಷಧಿ ಅಂಗಡಿಯವರು ಜಾಗ ಕೇಳ್ತಾ ಇದ್ದಾರೆ. ಈಗ ನಡೆಯುವುದು ಅದೊಂದೇ ವ್ಯಾಪಾರ ಅಲ್ವಾ?"

ಫೋನು ಇಟ್ಟಮೇಲೆ ನನಗೆ ಎಲ್ಲ ತಿಳಿಯಿತು. ಬೀಗ ಹಾಕಿದರೆ ಹೋಟೆಲು ಹೋಯಿತು. ಮೂವತ್ತನಾಲ್ಕು ವರ್ಷ ನಡೆದು ಬಂದ ದಾರಿ ವಾಚ್‌ಮನ್ನಿನ ಜೇಬಿನಲ್ಲಿ ಮುಗಿಯುತ್ತದೆ. ಬೀಗ ಬೀಳಬಾರದೆಂದರೆ ಒಲೆ ದಿನವೂ ಹೊತ್ತಬೇಕು, ಅದರ ಎದುರು ನಾವು ಇರಬೇಕು, ಬದುಕಿಯೂ ಇರಬೇಕು. ಎಷ್ಟು ದಿನ? ಅದು ಯಾರಿಗೂ ಗೊತ್ತಿಲ್ಲ.

ಒಳಗೆ ಬಂದು ಎಲ್ಲರಿಗೂ ಹೇಳಿದೆ. "ಬಸ್ಸಿಗೆ ಹೋಗುವವರು ಹೋಗಿ. ನಾನು ಹೋಗುವುದಿಲ್ಲ."

ಹೆಂಡತಿ ಎದ್ದು ಉಗ್ರಾಣಕ್ಕೆ ಹೋದಳು. ಅಲ್ಲಿ ಬಹಳ ಹೊತ್ತು ಇದ್ದಳು. ಹೊರಗೆ ಬಂದಾಗ ಅವಳ ಕಣ್ಣು ಬಿದ್ದದ್ದು ಒಲೆಯ ಮೇಲೆ ಕುದಿಯುತ್ತಿದ್ದ ಸಾಂಬಾರಿನ ಕೊಪ್ಪರಿಗೆಯ ಮೇಲೆ.

"ಇದು ಯಾರಿಗೆ?"

"ನಮಗೆ" ಎಂದೆ.

"ನಮಗೆ ಅಂದ್ರೆ ಯಾರಿಗೆ? ಮುಲುಂಡ್ ಸ್ಟೇಷನ್ನಿಗಾ?"

ವಿಜಯಪುರದವನು ಕಿಸಕ್ಕನೆ ನಕ್ಕು ಬಾಯಿಗೆ ಕೈ ಅಡ್ಡ ಹಿಡಿದ. ಹೆಂಡತಿ ಬಿಡಲಿಲ್ಲ. "ಬೇಳೆ ಮೂಟೆ ಅರ್ಧ ಆಗಿದೆ. ಎಣ್ಣೆಯ ಡಬ್ಬಗಳು ಖಾಲಿ ಮಗುಚಿ ಬಿದ್ದಿವೆ. ಗ್ಯಾಸು ಈ ಬೆಂಕಿಯಲ್ಲಿ ಎಷ್ಟು ದಿನ ಬಂದೀತು? ಐದು ಜನ ಇದ್ದೇವೆ. ಮಿಕ್ಕದ್ದು ದಿನಾ ಎಲ್ಲಿಗೆ ಹೋಗ್ತಾ ಉಂಟು?"

"ನಾಯಿಗೆ" ಎಂದ ದೋಸೆಯವ, ಮೆತ್ತಗೆ. "ಅತ್ತಿಗೆ, ಸಣ್ಣ ಪಾತ್ರೆಯಲ್ಲಿ ನಮಗೆ ಉಪ್ಪಿನ ಅಂದಾಜು ಸಿಗುವುದಿಲ್ಲ."

"ಪ್ರಾಯ ಪೂರ್ತಿ ಅಡಿಗೆ ಮಾಡಿದವರಿಗೆ ಐದು ಜನಕ್ಕೆ ಉಪ್ಪು ಹಾಕ್ಲಿಕ್ಕೆ ಬರುವುದಿಲ್ಲವಾ?"

ಬರುವುದಿಲ್ಲ. ನಿಜ ಹೇಳಬೇಕೆಂದರೆ ನಮ್ಮ ಕಸುಬಿನವರು ಯಾರಿಗೂ ಬರುವುದಿಲ್ಲ. ನಮ್ಮ ಕೈ ನೂರು ಜನರ ಕೈ. ಮುಷ್ಟಿ ತುಂಬಿದರೆ ನೂರು ಜನಕ್ಕೆ ಸಾಕಾಗುವ ಉಪ್ಪು ಅದರಲ್ಲಿ ಇರುತ್ತದೆ; ಕಣ್ಣು ಮುಚ್ಚಿಕೊಂಡು ಹಾಕಿದರೂ ಒಂದು ಹರಳು ಹೆಚ್ಚು ಕಡಿಮೆ ಆಗುವುದಿಲ್ಲ. ಆದರೆ ಮನೆಯಲ್ಲಿ ನಾವು ಒಲೆಯ ಹತ್ತಿರ ಹೋದವರಲ್ಲ. ಆದರೂ ಅವಳು ಹಾಗೆ ಕೇಳಿದ್ದು ನನ್ನನ್ನು ಕೆಣಕಿತು. "ನಾಳೆ ನಾನು ಮಾಡಿ ತೋರಿಸ್ತೇನೆ, ನೋಡು" ಎಂದೆ.

ಮರುದಿನ ಐದು ಜನಕ್ಕೆ ಸಾರು ಮಾಡಲು ನಿಂತೆ. ಎಷ್ಟು ಜಾಗ್ರತೆಯಿಂದ ಹಾಕಿದರೂ ಮೊದಲ ಬಾರಿಗೇ ಉಪ್ಪು ಸಮುದ್ರ. ನೀರು ಹೊಯ್ದೆ. ಹುಳಿ ಕಡಿಮೆಯಾಯಿತು. ಹುಣಸೆ ಕಿವುಚಿದೆ. ಈಗ ಬೇಳೆ ಸಾಲದು. ಬೇಳೆ ಹಾಕಿದೆ, ಖಾರ ಸತ್ತುಹೋಯಿತು. ಪಾತ್ರೆ ಸಾಲದೆ ದೊಡ್ಡದಕ್ಕೆ ಸುರಿದೆ. ಕೊನೆಗೆ ರುಚಿ ಬಹಳ ಚೆನ್ನಾಗಿ ಬಂತು, ಐವತ್ತು ಜನರ ಮದುವೆಗೆ ಬಡಿಸಬಹುದಿತ್ತು. ಮಗಳು ಇಣುಕಿ ನೋಡಿದಳು. "ಪಪ್ಪಾ, ಶಾದಿ ಕಿಸ್ಕೀ ಹೈ?"

ಎಲ್ಲರೂ ನಕ್ಕರು. ನಾನೂ ನಗಬೇಕಾಯಿತು. ಆದರೆ ನಗುತ್ತ ನಗುತ್ತ ಉಗ್ರಾಣದ ಕಡೆ ನೋಡಿದೆ. ಧಣಿಗೆ ಹೆದರಬೇಕಾಗಿಯೇ ಇರಲಿಲ್ಲ, ಕಾಯಿಲೆಗೂ ಬೇಡ. ನನ್ನ ಹೋಟೆಲನ್ನು ನನ್ನ ಕೈಯೇ ಮುಗಿಸುವುದರಲ್ಲಿತ್ತು.

ಹೋಟೆಲಿನಲ್ಲಿ ಉಗ್ರಾಣದ ಕೀಲಿಕೈ ನಡೆಸುವವನ ಸೊಂಟ ಬಿಟ್ಟು ಕದಲುವುದಿಲ್ಲ. ಸ್ವಂತ ತಮ್ಮನಿಗೂ ಕೊಡುವುದಿಲ್ಲ. ಅಂದು ಊಟವಾದ ಮೇಲೆ ಅದನ್ನು ಬಿಚ್ಚಿ ಹೆಂಡತಿಯ ಮುಂದೆ ಟೇಬಲಿನ ಮೇಲಿಟ್ಟೆ. ದೋಸೆಯವ ತಲೆ ತಗ್ಗಿಸಿ ಎದ್ದು ಹೋದ. ಅವನು ಅಂಥದ್ದನ್ನು ಆಯುಷ್ಯದಲ್ಲಿ ನೋಡಿರಲಿಲ್ಲ.

"ನನಗ್ಯಾಕೆ?" ಎಂದಳು.

"ಹೋಟೆಲು ಉಳೀಬೇಕು."

ಅವಳು ಕೀಲಿಕೈ ತೆಗೆದು ಮಂಗಳಸೂತ್ರಕ್ಕೇ ಸಿಕ್ಕಿಸಿಕೊಂಡಳು. "ಹಾಗಾದರೆ ಇನ್ನು ಅಡಿಗೆಮನೆಯಲ್ಲಿ ನನ್ನ ಮಾತು. ಸಿಟ್ಟು ಮಾಡ್ಲಿಕ್ಕಿಲ್ಲ."

ಮೊದಲು ಅವಳು ಸಣ್ಣ ಅಳತೆ ಹುಡುಕಿದಳು. ಇಡೀ ಅಡಿಗೆಮನೆಯಲ್ಲಿ ಸಣ್ಣದೆಂಬುದು ಇದ್ದದ್ದು ಗಿರಾಕಿಗೆ ಸಾಂಬಾರು ಕೊಡುವ ಸ್ಟೀಲಿನ ಬಟ್ಟಲು ಒಂದೇ. ಅದೇ ಅಳತೆಯಾಯಿತು. ಅಕ್ಕಿ ಇಷ್ಟು ಬಟ್ಟಲು, ಬೇಳೆ ಇಷ್ಟು ಬಟ್ಟಲು, ಅದರ ಮೇಲೆ ಒಂದು ಕಾಳು ಇಲ್ಲ. ಅನ್ನ ಒಂದು ಕುದಿ ಬಂದ ಕೂಡಲೇ ಒಲೆ ಆರಿಸಿ, ಪಾತ್ರೆಯನ್ನು ಗೋಣಿಯಲ್ಲಿ ಸುತ್ತಿ ಮೂಲೆಯಲ್ಲಿ ಕೂರಿಸುವಳು. ಉಳಿದದ್ದು ಅದರಷ್ಟಕ್ಕೇ ಬೇಯುತ್ತಿತ್ತು. ಬೆಳಿಗ್ಗೆ ದೋಸೆ ಇಲ್ಲ, ಗಂಜಿ. ಗಂಜಿ ಬೇಡವೆಂದು ಊರು ಬಿಟ್ಟು ಬಂದವನು ನಾನು. ನನ್ನದೇ ಹೋಟೆಲಿನ ಟೇಬಲಿನಲ್ಲಿ ಕೂತು ಗಂಜಿ ಉಂಡೆ. ರುಚಿಯಾಗಿತ್ತು ಎಂದು ಅವಳಿಗೆ ಹೇಳಲಿಲ್ಲ.

ವಿಜಯಪುರದವನು ತನ್ನ ಕಡೆಯವರು ಕಟ್ಟಡದ ಕೆಲಸಕ್ಕೆ ಬಂದು ಉಳಿದಿದ್ದ ಜಾಗಕ್ಕೆ ಹೋಗಿ, ನಮ್ಮ ರವೆ ಕೊಟ್ಟು ಜೋಳದ ಹಿಟ್ಟು ತಂದ. "ವೈನಿ, ಇನ್ನ ಅಕ್ಕಿ ಉಳೀತದ ನೋಡ್ರಿ. ನಾ ರೊಟ್ಟಿ ಬಡೀತೀನಿ." ಪಾತ್ರೆ ತಿಕ್ಕಿ ತಿಕ್ಕಿ ಸವೆದ ಅವನ ಅಂಗೈಯಲ್ಲಿ ರೊಟ್ಟಿ ಚಂದ್ರನ ಹಾಗೆ ಅಗಲವಾಗುತ್ತಿತ್ತು. ದೋಸೆಯವನಿಗೆ ಹೊಟ್ಟೆಕಿಚ್ಚು. "ಇದೆಂತ ಶಬ್ದ ಮಾರಾಯ, ಬಟ್ಟೆ ಒಗೆದ ಹಾಗೆ" ಎನ್ನುವನು, ನಾಲ್ಕು ತಿನ್ನುವನು.

ಹೆಂಡತಿ ಕೊನೆಯ ಸಲ ಸಂತೆಯಿಂದ ತಂದಿದ್ದ ಬಸಳೆಯ ದಂಟನ್ನು ಪೂರ್ತಿ ಸಾರಿಗೆ ಹಾಕದೆ ಎರಡು ಗೆಣ್ಣು ಉಳಿಸಿ, ಎಣ್ಣೆಯ ಖಾಲಿ ಡಬ್ಬಕ್ಕೆ ಮಣ್ಣು ತುಂಬಿ ನೆಟ್ಟಳು. ಶಟರಿನ ಪಕ್ಕ ಇಟ್ಟಳು. ಅದು ಬೇಸಿಗೆಯಲ್ಲಿ ಪಾತ್ರೆ ತೊಳೆದ ನೀರು ಕುಡಿದು ಗೋಡೆ ಹತ್ತಿತು. ಬೋರ್ಡಿನ ಮೇಲಿನ 'ಶುದ್ಧ ಶಾಕಾಹಾರಿ' ಎಂಬ ಅಕ್ಷರಗಳ ಮೇಲೆ ಎಲೆ ಬಿಟ್ಟಿತು.

ಮೂರನೇ ಮಹಡಿಯ ಬಾಲ್ಕನಿಯಿಂದ ಆ ಗುಜರಾತಿ ಬಾ ಒಂದು ದಿನ ಕೂಗಿದರು. ಅವರ ಮನೆಯ ಅಡಿಗೆಯವಳನ್ನು ಗೇಟಿನ ಒಳಗೆ ಬಿಡುತ್ತಿರಲಿಲ್ಲ. "ಅಣ್ಣಾ, ಇಡ್ಲಿ ಮಿಲೇಗಾ?" ಮಗಳು ಹಗ್ಗಕ್ಕೆ ಬಕೆಟು ಕಟ್ಟುವ ಉಪಾಯ ಮಾಡಿದಳು. ಇಡ್ಲಿ ಮೇಲೆ ಹೋಗುವುದು. ಮಜ್ಜಿಗೆ, ಬೆಲ್ಲ, ಒಮ್ಮೊಮ್ಮೆ ಅವರ ಮಗ ಬಿಲ್ಡಿಂಗಿಗೆ ಬರುವ ಗಾಡಿಯಿಂದ ತರಿಸಿದ ತರಕಾರಿ ಕೆಳಗೆ ಬರುವುದು. ಬೇರೆ ಬಾಲ್ಕನಿಗಳಿಂದಲೂ ಹಗ್ಗ ಇಳಿಯಿತು. ಲೋಕ ಕೆಟ್ಟಾಗ ಬಾಗಿಲು ಗಟ್ಟಿ ಹಾಕಿಕೊಳ್ಳಬೇಕೆಂದು ಆ ವೀಡಿಯೋದವನು ಹೇಳುತ್ತಾನೆ. ನಾನು ಹೇಳುವುದು ಬೇರೆ. ಬಾಗಿಲು ಅರ್ಧ ತೆರೆದಿಡಿ. ನೀವು ಒಳಗಿದ್ದೀರಿ ಎಂದು ಬೀದಿಗೆ ಗೊತ್ತಿರಲಿ. ಗೊತ್ತಿದ್ದರೆ ಬೀದಿಯೇ ಕಾವಲು ಕಾಯುತ್ತದೆ.

ಪೊಲೀಸರೂ ಆ ಅರ್ಧ ಶಟರನ್ನು ನೋಡಿದರು. ಒಂದು ಮಧ್ಯಾಹ್ನ ಹವಾಲ್ದಾರನೊಬ್ಬ ಲಾಠಿಯಿಂದ ಬಡಿದ. "ಕಾಯ್ ಚಾಲೂ ಆಹೇ? ಹೋಟೆಲ್ ಬಂದ್ ಕರಾ!"

ನಾನು ಹೊರಗೆ ಬಂದು ನಿಂತೆ. "ಹೋಟೆಲ್ ನಾಹೀ ಸಾಹೇಬ್. ಆಮ್ಚ ಘರ್ ಆಹೇ."

ಮನೆ ಎಂದದ್ದಕ್ಕೆ ಅವನು ಬಗ್ಗಿ ಒಳಗಿನ ಟೇಬಲು ಎಣಿಸಿದ. "ಘರಾತ್ ಸಾತ್ ಟೇಬಲ್?"

ಕುಟುಂಬ ದೊಡ್ಡದೆಂದು ಒಳಗಿನಿಂದ ಹೆಂಡತಿಯ ದನಿ ಬಂತು. "ಮೋಠಂ ಕುಟುಂಬ್ ಆಹೇ, ಸಾಹೇಬ್!"

ಹವಾಲ್ದಾರ ಮಾಸ್ಕಿನ ಹಿಂದೆ ನಕ್ಕಿರಬೇಕು, ಕಣ್ಣು ಸಣ್ಣದಾಯಿತು. ಶಟರನ್ನು ಲಾಠಿಯಿಂದಲೇ ಇನ್ನೊಂದು ಗೇಣು ಕೆಳಗೆ ತಳ್ಳಿ ಹೋದ. ಪೂರ್ತಿ ಮುಚ್ಚಿಸಲಿಲ್ಲ.

ಹೀಗೆ ಮೇ ಕಳೆಯಿತು. ಕಾಗದದ ಅವಧಿ ಮುಗಿಯಿತು. ಒಲೆ ಒಂದು ದಿನವೂ ತಪ್ಪದೆ ಹೊತ್ತಿತು. ಗಲ್ಲಾದ ಮೇಲಿನ ದೇವರ ಪಟಕ್ಕೆ ಊದುಬತ್ತಿ ಹಚ್ಚಿ, ಆಮೇಲೆ ಒಲೆ ಹಚ್ಚುವುದು ನಾನೇ. ಮಳೆ ಶುರುವಾದ ಮೇಲೆ ಧಣಿಯ ಫೋನು ಮತ್ತೆ ಬಂತು. "ನಾಳೆ ಬರ್ತೇನೆ. ಔಷಧಿ ಅಂಗಡಿಯವರ ಮನುಷ್ಯ ಜಾಗ ಅಳತೆ ಮಾಡಬೇಕಂತೆ. ಇಷ್ಟು ದಿನ ನೀನು ಅಲ್ಲೇ ಇದ್ದೀಯಂತೆ, ಕೇಳಿದೆ. ಇನ್ನು ಸಾಕು, ಕೀಲಿಕೈ ರೆಡಿ ಇಡು."

ಅದೇ ಸಂಜೆ ಒಲೆಯ ಉರಿ ಹಳದಿಯಾಗಿ, ಕುಪ್ಪಳಿಸಿ, ಆರಿತು. ಸಿಲಿಂಡರು ಅಲ್ಲಾಡಿಸಿ ನೋಡಿದೆ, ಖಾಲಿ. ಕೊನೆಯದು. ಫೋನು ಮಾಡಿದರೆ ಗ್ಯಾಸಿನವನು ಬರುವ ವಾರ ಎಂದ. ನಾನು ಗಲ್ಲಾದ ಕುರ್ಚಿಯಲ್ಲಿ ಕೂತೆ. ಎಲ್ಲ ತಡೆದುಕೊಂಡು ಬಂದು ಕೊನೆಗೆ ತಣ್ಣಗಿನ ಒಲೆಯ ಎದುರು ಧಣಿಯನ್ನು ಕಾಣಬೇಕೇ ಎನಿಸಿತು. ದೋಸೆಯವ ಹಿತ್ತಿಲಿನಲ್ಲಿ ಇಟ್ಟಿಗೆ ಜೋಡಿಸಿ ಹಣ್ಣಿನ ಪೆಟ್ಟಿಗೆಯ ಹಲಗೆಗೆ ಬೆಂಕಿ ಹಚ್ಚಲು ನೋಡಿದ. ಮಳೆಗೆ ನೆನೆದ ಹಲಗೆ ಹೊಗೆ ಬಿಟ್ಟಿತೇ ಹೊರತು ಹೊತ್ತಲಿಲ್ಲ.

ಹೆಂಡತಿ ನನ್ನ ಮುಖ ನೋಡಿದಳು. ಕೀಲಿಕೈ ತೆಗೆದು ಉಗ್ರಾಣ ತೆರೆದಳು. "ಏ, ನೀವಿಬ್ಬರು ಬನ್ನಿ ಇಲ್ಲಿ, ಈ ಮೂಟೆ ಸರಿಸಿ." ಖಾಲಿ ಗೋಣಿಗಳ ರಾಶಿಯ ಹಿಂದೆ ತುಂಬಿದ ಸಿಲಿಂಡರು ಒಂದು, ಸೀಲು ಸಹ ಒಡೆಯದೆ, ನವವಧುವಿನ ಹಾಗೆ ಕೂತಿತ್ತು.

"ಇದು ಯಾವಾಗಿನಿಂದ ಇಲ್ಲಿ?"

"ನೀವು ಕೀಲಿಕೈ ಕೊಟ್ಟ ದಿನದಿಂದ."

"ನನಗೆ ಹೇಳಲಿಲ್ಲ ಯಾಕೆ?"

"ಹೇಳಿದ್ದರೆ ಅವತ್ತೇ ವಡೆ ಕರೀತಿದ್ದಿರಿ" ಎಂದಳು.

ಮರುದಿನ ಮಧ್ಯಾಹ್ನದ ಹೊತ್ತಿಗೆ ಧಣಿ ಬಂದರು, ಜೊತೆಗೆ ಟೇಪು ಹಿಡಿದ ಒಬ್ಬ ಪ್ಯಾಂಟು ಶರ್ಟಿನವನು. ಶಟರು ಅರ್ಧ ಮೇಲೆ. ಬೋರ್ಡಿನ ತುಂಬ ಬಸಳೆ. ಮೂರನೇ ಮಹಡಿಯಿಂದ ಬಕೆಟು ಆಗಷ್ಟೇ ಇಳಿಯುತ್ತಿತ್ತು. ಧಣಿಯ ತಲೆಗೆ ತಾಗುವುದರಲ್ಲಿ ಮಗಳು ಹಿಡಿದುಕೊಂಡಳು. ಗಲ್ಲಾದಲ್ಲಿ ನನ್ನ ಹೆಂಡತಿ ಕೂತು ಬೇಳೆ ಆರಿಸುತ್ತಿದ್ದಳು. ಸಿಟ್ಟು ಬಂದರೆ ಧಣಿಯ ಬಾಯಿಗೆ ತುಳುವೇ ಬರುವುದು.

"ಉಂದು ದಾನೆಯಾ, ಎಂತ ಇದು? ಹೋಟೆಲಿನಲ್ಲಿ ಸಂಸಾರ ಹೂಡಿದ್ದೀಯಲ್ಲ ನೀನು!"

"ಹೌದು ಧಣಿ."

"ಕೀಲಿಕೈ ಎಲ್ಲಿ?"

ನಾನು ಅವರನ್ನು ಒಳಗೆ ಕರೆದುಕೊಂಡು ಹೋದೆ. ಒಲೆಯ ಮೇಲೆ ಅನ್ನ ಕುದಿಯುತ್ತಿತ್ತು, ನೀಲಿ ಉರಿ. "ಕೀಲಿಕೈ ಕೊಡುವುದಿಲ್ಲ ಧಣಿ. ಇಗೋ ಒಲೆ. ಇದು ಹೊತ್ತದ ದಿನ ಒಂದೂ ಇಲ್ಲ. ಕಾಗದ ಮುಗಿದಿದೆ, ಕೋರ್ಟಿಗೆ ನಾನು ಹೋಗುವುದಿಲ್ಲ. ಗ್ಯಾಸಿನ ಬಿರಡೆ ಅಲ್ಲುಂಟು. ನೀವೇ ಕೈಯಾರೆ ತಿರುಗಿಸಿ ಆರಿಸಿ. ಆಮೇಲೆ ನಾನು ಒಂದು ಮಾತಾಡದೆ ಹೊರಗೆ ಹೋಗ್ತೇನೆ."

ಗಟ್ಟಿಯಾಗಿ ಹೇಳಿದೆ. ಧಣಿ ಬಿರಡೆಯನ್ನು ನೋಡಿದರು. ಹೊರಗೆ ಟೇಪಿನವನು ಟೇಬಲು ಸರಿಸುವ ಸದ್ದು ಕೇಳುತ್ತಿತ್ತು. ಉರಿಯುವ ಒಲೆಯ ಮಾತು ಹೇಳಿದವರು ಅವರೇ. ಈಗ ಅದನ್ನು ನುಂಗಬೇಕಾದವರೂ ಅವರೇ.

"ಮೊದಲು ಊಟ ಮಾಡಿ" ಎಂದಳು ಹೆಂಡತಿ, ಹಿಂದಿನಿಂದ. "ಆರಿಸುವುದಾದರೆ ಅನ್ನ ಬೆಂದ ಮೇಲೆ ಆರಿಸಿ."

ಐದು ಜನರ ಅಡಿಗೆ. ನಾನೇ ನೋಡಿದ್ದೆ, ಬಟ್ಟಲಿನಲ್ಲಿ ಅಳೆದು ಹಾಕಿದ್ದು. ಈಗ ಏಳು ಜನ. ಸಾಲುವುದಿಲ್ಲ, ಮಾನ ಹೋಯಿತು ಎಂದುಕೊಂಡೆ. ಅವಳು ಟೇಪಿನವನನ್ನೂ ಕೂರಿಸಿದಳು. ಅನ್ನ, ಬಸಳೆಯ ಸಾರು, ಒಂದೊಂದು ರೊಟ್ಟಿ, ಬಾ ಕಳಿಸಿದ ಮಜ್ಜಿಗೆ. ಎಲ್ಲರಿಗೂ ಬಂತು. ಧಣಿ ಎರಡನೇ ಸಲ ಸಾರು ಹಾಕಿಸಿಕೊಂಡರು. ಕೈ ತೊಳೆದು ಬಂದು, ಟವೆಲಿಗೆ ಒರೆಸಿಕೊಳ್ಳುತ್ತ, "ಬಸಳೆ ಊರಿನದ್ದಾ?" ಎಂದರು.

"ಅಲ್ಲ, ಇಲ್ಲಿಯದ್ದೇ" ಎಂದಳು ಅವಳು.

ಅವರು ಒಲೆಯ ಕಡೆಗೆ ಮತ್ತೆ ಹೋಗಲಿಲ್ಲ. ಹೊರಗೆ ನಿಂತು ಟೇಪಿನವನ ಜೊತೆ ಬಹಳ ಹೊತ್ತು ಮಾತಾಡಿದರು. ಆಮೇಲೆ ನನ್ನನ್ನು ಕರೆದರು. "ನನಗೂ ಹೊಟ್ಟೆಯುಂಟು ಮಾರಾಯ. ಮುಂದಿನ ಅರ್ಧ ಅವರಿಗೆ. ಹಿಂದಿನ ಅರ್ಧ, ಒಲೆ ಇರುವ ಅರ್ಧ, ನಿನಗೆ. ಪಕ್ಕದ ಓಣಿಗೆ ಬಾಗಿಲು ಒಡೆದುಕೋ. ಇದಕ್ಕಿಂತ ಹೆಚ್ಚು ಕೇಳಬೇಡ."

ನಾನು ಹೆಂಡತಿಯ ಮುಖ ನೋಡಿದೆ. ಅವಳು ತಲೆ ಆಡಿಸಿದಳು. ಒಪ್ಪಿದೆ. ಅರ್ಧ ಹೋಯಿತು ಎಂದು ಕೆಲವರು ಇವತ್ತಿಗೂ ಅಯ್ಯೋ ಎನ್ನುತ್ತಾರೆ. ಬೀಗ ಹಾಕಿ ಬಸ್ಸು ಹತ್ತಿದವರ ಹೋಟೆಲುಗಳಲ್ಲಿ ಈಗ ಮೊಬೈಲು ಮಾರುತ್ತಾರೆ. ಅವರಿಗೂ ನಾನು ಹೆಚ್ಚಿಗೆ ಏನೂ ಹೇಳುವುದಿಲ್ಲ. ಪ್ರತಿಯೊಬ್ಬರದ್ದೂ ಒಂದೊಂದು ಕಷ್ಟ.

ಅವತ್ತು ಸಂಜೆ ಕೇಳಿದೆ, "ಐದು ಜನರ ಅಡಿಗೆ ಏಳು ಜನಕ್ಕೆ ಹೇಗೆ ಬಂತು?"

"ಮನೆಯ ಅಳತೆಯಲ್ಲಿ ಬರುವವರ ಪಾಲು ಸೇರಿಯೇ ಇರ್ತದೆ" ಎಂದಳು. "ನಿಮ್ಮ ಹೋಟೆಲಿನ ಅಳತೆಯಲ್ಲಿ ಬಾರದವರ ಪಾಲೂ ಇರ್ತದೆ. ಅಷ್ಟೇ ವ್ಯತ್ಯಾಸ."

ಮತ್ತೆ ಅಂಥ ಕಾಲ ಬರುತ್ತದೆ ಎಂದು ತಿಳಿದವರು ಹೇಳುತ್ತಾರೆ. ಕಾಯಿಲೆಯೋ, ಯುದ್ಧವೋ, ಮಳೆಯೋ. ಇನ್ನೂ ಉದ್ದಕ್ಕೆ, ಇನ್ನೂ ಕೆಟ್ಟದಾಗಿ. ಬರಲಿ. ನಾವು ಕಾಳು ಬಚ್ಚಿಟ್ಟ ಇಲಿಗಳ ಹಾಗೆ ಬಿಲದಲ್ಲಿ ಕೂರುವುದಿಲ್ಲ. ಉಗ್ರಾಣದಲ್ಲಿ ಹಳೆಯದನ್ನು ಮೊದಲು ಬಳಸಿ ಹೊಸದನ್ನು ಹಿಂದೆ ಇಡುತ್ತೇವೆ. ಬಾ ತೀರಿಕೊಂಡರು, ಅವರ ಸೊಸೆ ಹಗ್ಗವನ್ನು ಬಾಲ್ಕನಿಯಲ್ಲೇ ಇಟ್ಟಿದ್ದಾಳೆ. ಈಗ ಓಣಿಯ ಕಡೆಗಿರುವ ಶಟರು ಅರ್ಧ ತೆರೆದೇ ಇರುತ್ತದೆ. ಯಾರು ಬಂದು ಬಡಿದರೂ ಇದು ಮನೆ, ಕುಟುಂಬ ದೊಡ್ಡದು ಎಂದೇ ಹೇಳುತ್ತೇನೆ. ನನಗೂ ಈಗ ಐದು ಜನಕ್ಕೆ ಸಾರು ಮಾಡಲು ಬರುತ್ತದೆ. ಉಪ್ಪು ಮಾತ್ರ ಅವಳೇ ಹಾಕುತ್ತಾಳೆ.

ಈಗ ನನ್ನಲ್ಲಿರುವುದು ಇಷ್ಟು: ಟೇಬಲು ಮೂರು. ಒಲೆ ಎರಡು. ಗ್ರೈಂಡರು ಒಂದು. ಸಿಲಿಂಡರು ನಾಲ್ಕು, ಅದರಲ್ಲಿ ಒಂದು ಎಲ್ಲಿದೆಯೆಂದು ನನಗೆ ಗೊತ್ತಿಲ್ಲ. ಕೆಲಸದವರು ಇಬ್ಬರು, ಅವರೇ. ಮಗಳು ಒಬ್ಬಳು, ಪಾಸಾಗಿದ್ದಾಳೆ. ಎಣ್ಣೆ ಡಬ್ಬದಲ್ಲಿ ಬಸಳೆ ಬಳ್ಳಿ ಆರು. ಸಾಂಬಾರಿನ ಬಟ್ಟಲು ಮೂವತ್ತು, ಅಳತೆಯದ್ದು ಬೇರೆ ಒಂದು. ಉಗ್ರಾಣದ ಬೀಗ ಒಂದು, ಕೀಲಿಕೈ ಎರಡು.